ಕೂಗಬಾರದ ಮರಳು

ಕೂಡ್ಲಿಗಿಯಾಚೆಯ ಮರಳುಗಾಡಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಜೋರು ದನಿ ಕೇಳಿದರೆ ದಿಬ್ಬವೇ ಎದ್ದು ಬರುತ್ತದೆ. ಟೈರಿನ ಗಾಳಿ ಇಳಿಸಿದ ಬ್ಯಾಟರಿ ಜೀಪುಗಳಲ್ಲಿ ಬಂದು, ಅವನ್ನು ದಿಬ್ಬದ ಬುಡದಲ್ಲಿ ನಿಲ್ಲಿಸಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ನೆತ್ತಿ ಹತ್ತುವುದು ಊರವರ ಭಾನುವಾರದ ಮೋಜು.

ಹಂಪಮ್ಮನಿಗೆ ಇದು ಅನುಕೂಲವೇ ಆಗಿತ್ತು. ತವರಿನ ಬಾವಿಯ ಜಗಳದಲ್ಲಿ, ಅಣ್ಣ ದ್ಯಾಮಣ್ಣ ಸತ್ತರೂ ಅವನೊಂದಿಗೆ ಮಾತಾಡುವುದಿಲ್ಲವೆಂದು ಅವಳು ಆಣೆ ಇಟ್ಟಿದ್ದಳು. ಆದರೂ ಆ ಭಾನುವಾರ ಮುಂದೆ ಹತ್ತುತ್ತಿದ್ದ ಅವನ ಬೆನ್ನಿನಿಂದ ಅವಳು ಕಣ್ಣು ಕೀಳಲಿಲ್ಲ.

ನೆತ್ತಿಯಲ್ಲಿ ದ್ಯಾಮಣ್ಣ ಎಲ್ಲರನ್ನೂ ಬಿಟ್ಟು ಬಲಕ್ಕೆ ಹೊರಳಿದ. ಅಲ್ಲಿ ಮರಳು ಟೊಳ್ಳು, ಕಾಲಿಟ್ಟವರನ್ನು ನುಂಗುತ್ತದೆ. ಹಂಪಮ್ಮ ಕೈ ಬೀಸಿದಳು, ಸೆರಗು ಬೀಸಿದಳು. ಅವನು ತಿರುಗಿ ನೋಡಲಿಲ್ಲ. ಅವಳು ಬಾಯಿಯ ಬಟ್ಟೆ ಕಿತ್ತೆಸೆದಳು.

"ಏ ಅಣ್ಣಾ, ನಿಲ್ಲೋ!"

ಅವನು ನಿಂತ. ದಿಬ್ಬದ ಒಂದು ಮಗ್ಗುಲು ಕುಸಿದು ಕೆಳಗಿದ್ದ ಮೂರೂ ಜೀಪುಗಳನ್ನು ಮುಚ್ಚಿತು. ನೆತ್ತಿಯಲ್ಲಿದ್ದವರೆಲ್ಲ ಬೋರಲು ಬಿದ್ದು ಉಳಿದುಕೊಂಡರು. ಹಂಪಮ್ಮನನ್ನು ಕಣ್ಣಲ್ಲೇ ಸುಟ್ಟರು.

ದ್ಯಾಮಣ್ಣ ತೆವಳುತ್ತ ಹತ್ತಿರ ಬಂದ. "ನಾ ಸತ್ರೂ ಮಾತಾಡಂಗಿಲ್ಲ ಅಂದಿದ್ದಿ," ಎಂದು ಪಿಸುಗುಟ್ಟಿದ.

"ನೀ ಎಲ್ಲಿ ಸತ್ತಿ?" ಮೆಲುದನಿಯಲ್ಲಿ ಬೈದು ಗೊತ್ತಿರದ ಹಂಪಮ್ಮ ಒದ್ದಾಡಿದಳು. "ನಡಿ, ಮೊದಲು ಮರಳು ದಾಟು. ಆಮ್ಯಾಲ ಐತಿ ನಿನಗ."