ಅಜ್ಜನ ಕಾಲದ ಟ್ರ್ಯಾಕ್ಟರ್

ಹೋಟೆಲ್ ಮಾಲೀಕ ಜಂಬಗಿಯವರು ತಮ್ಮ ಅಜ್ಜ ತೋಟ ಉಳುತ್ತಿದ್ದ ಪುಟ್ಟ ಟ್ರ್ಯಾಕ್ಟರನ್ನು ಮೆಕ್ಯಾನಿಕ್ ದಾವಲಸಾಬನ ಗ್ಯಾರೇಜಿಗೆ ತಂದು ಇಳಿಸಿದರು.

"ಅಜ್ಜಾರ ಕಾಲದಾಗ ಹೆಂಗಿತ್ತೋ ಹಂಗ ಆಗಬೇಕು ನೋಡು."

ದಾವಲಸಾಬ ನಾಲ್ಕು ತಿಂಗಳು ದುಡಿದ. ಎಲ್ಲೂ ಸಿಗದ ಬಿಡಿಭಾಗಗಳನ್ನು ತಾನೇ ಮಾಡಿ ಕೂಡಿಸಿದ. ತುಕ್ಕು ತಿಕ್ಕಿ ತೆಗೆದು ಕೆಂಪು ಬಣ್ಣ ಹಚ್ಚಿದ. ಇಂಜಿನ್ ಒಂದೇ ಸಲಕ್ಕೆ ಶುರುವಾದಾಗ ಅವನ ಕಣ್ಣು ತುಂಬಿತು.

ಜಂಬಗಿಯವರು ಬಂದು ನೋಡಿ ಹೌಹಾರಿದರು. "ಏನ್ ಮಾಡಿಟ್ಟೀಯೋ! ಹೊಸಾ ಹೋಟೆಲ್ ಮುಂದ ನಿಲ್ಲಸಾಕ ಬೇಕಾಗಿತ್ತು. ಇದನ್ನ ಹಳೇದು ಅಂತ ಯಾರು ನಂಬತಾರ?"

"ಅಜ್ಜಾರ ಕಾಲದಾಗ ಇದು ಹೊಸಾದ ಇತ್ತಲ್ರೀ, ಸಾಹೇಬ್ರ."

"ಅದೆಲ್ಲಾ ನನಗ ಗೊತ್ತಿಲ್ಲ. ಉದ್ಘಾಟನೆಗೆ ಇನ್ನ ಇಪ್ಪತ್ತ ದಿನ ಐತಿ."

ದಾವಲಸಾಬ ಬಣ್ಣವನ್ನೆಲ್ಲ ಕೆರೆದು ತೆಗೆದ. ಮರುದಿನದಿಂದ ದಿನಕ್ಕೆರಡು ಸಲ ಟ್ರ್ಯಾಕ್ಟರಿಗೆ ಉಪ್ಪುನೀರು ಚಿಮುಕಿಸತೊಡಗಿದ.