ತೂಗಿ ಆರಿಸಿದ ಗುಂಡು

ಕೈಲು ಮುಹೂರ್ತದ ಹಬ್ಬ. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಅದಕ್ಕಾಗಿ ಬಿದ್ದಯ್ಯ ಬೆಳಗಿನಿಂದ ಹಂದಿ ಬೇಟೆಯ ಗುಂಡುಗಳನ್ನು ಒಂದೊಂದಾಗಿ ಪುಟ್ಟ ತಕ್ಕಡಿಯಲ್ಲಿ ತೂಗುತ್ತಿದ್ದ.

“ಇನ್ನೂ ಆಗ್ಲಿಲ್ವಾ? ಈ ಸಲಾನೂ ತಪ್ಪಿದ್ರೆ ಕೋವಿ ನಂಗೆ,” ಎಂದಳು ಹೆಂಡತಿ ಚೋಂದಮ್ಮ.

“ಆಯ್ತು, ತಗೋ. ಇದು ಭಾರ. ಇದು ಸೊಟ್ಟ. ಹಾಂ, ಇದೇ ಸರಿ!”

ಅವಸರದಲ್ಲಿ ಎದ್ದು ಕೋವಿಯ ನಳಿಗೆಗೆ ಮದ್ದು ಸುರಿದ, ತೆಂಗಿನ ನಾರು ತುರುಕಿ ಸರಳಿನಿಂದ ಜಡಿದ, ಮೈದಾನಕ್ಕೆ ಓಡಿದ.

ಢಂ! ಕಾಯಿ ಅಲುಗಲಿಲ್ಲ. ಊರೆಲ್ಲ ನಕ್ಕಿತು.

“ಗುಂಡು ಒಂಚೂರು ಹಗುರ ಆಯ್ತು, ಅಷ್ಟೇ,” ಎಂದ ಬಿದ್ದಯ್ಯ.

ಚೋಂದಮ್ಮ ಒಂದು ಕೈಯನ್ನು ಕೋವಿಗೆ ಚಾಚಿ, ಇನ್ನೊಂದರ ಮುಷ್ಟಿ ಬಿಚ್ಚಿದಳು.

“ಹಗುರ ಏನಿಲ್ಲ, ನೋಡಿ. ತಕ್ಕಡೀಲೇ ಬಿಟ್ಟು ಬಂದಿದ್ರಿ.”