ಅಪ್ಪನ ತೋಳಿನ ಕೆಳಗೆ

“ಇಲ್ಲಿಡು, ಓದ್ತೀನಿ,” ಎಂದ ಮೊಕ್ರಾನ್.

ಗಂಡನ ಹೊಟ್ಟೆಯಿಂದ ಇಳಿದ ನೀರು ತುಂಬಿದ ಚೀಲವನ್ನು ವರ್ದಿಯಾ ಮೇಜಿನ ಮೇಲಿಟ್ಟಳು. ಅದರಡಿ ಅಕ್ಷರವಿರುವ ಕಾಗದ ಇಡಬೇಕು. ನೀರಿನ ಮೂಲಕ ಅಕ್ಷರ ಕಂಡರೆ ಸರಿ, ಕಾಣದಿದ್ದರೆ ಒಳಗೆ ನಂಜಾಗಿದೆ ಎಂದರ್ಥ. ಆಗ ಒಂದು ಗಳಿಗೆಯೂ ಕಾಯದೆ ಚೀಲದ ಸಮೇತ ಬನ್ನಿ ಎಂದು ಡಾಕ್ಟರು ತಾಕೀತು ಮಾಡಿದ್ದರು. ದಿನವೂ ಹಳೆಯ ಪತ್ರಿಕೆ ಇಡುತ್ತಿದ್ದಳು. ಇವತ್ತು ಮನೆಯ ಪತ್ರಿಕೆಗಳೆಲ್ಲ ಬಾದಾಮಿ ಮಿಠಾಯಿ ಕಟ್ಟುವುದಕ್ಕೆ ಹೋಗಿದ್ದವು. ಕೈಗೆ ಸಿಕ್ಕಿದ್ದು ಮಗಳ ಮದುವೆಯ ಕರೆಯೋಲೆ. ಗಡಿಬಿಡಿಯಲ್ಲಿ ಅದನ್ನೇ ಚೀಲದಡಿಗೆ ತಳ್ಳಿದ್ದಳು.

ಮೊಕ್ರಾನ್ ಬಗ್ಗಿ ಸರಾಗವಾಗಿ ಓದಿದ. “ನಮ್ಮ ಮಗಳು ತಸ್ಸಾದಿತಳ ಮದುವೆಗೆ ತಾವು ಕುಟುಂಬ ಸಮೇತ ಬಂದು ಹರಸಬೇಕು. ಆಯ್ತಲ್ಲ? ತಿಳಿನೀರು. ತಗೊಂಡ್ಹೋಗಿ ಚೆಲ್ಲು.”

“ಪರದೆ ಸರಿಸ್ಲಾ? ಕತ್ತಲೆ ಕತ್ತಲೆ ಆಗಿದೆ.”

“ಬೇಡ. ಬೆಳಕು ಕಣ್ಣಿಗೆ ಚುಚ್ಚುತ್ತೆ.”

ಮೂತ್ರಪಿಂಡ ಕೈಕೊಟ್ಟ ಮೇಲೆ ಅವನನ್ನು ಉಳಿಸಿದ್ದು ಹೊಟ್ಟೆಯೊಳಗಿನ ಒಂದು ತೆಳುಪೊರೆ. ಸಕ್ಕರೆ ಬೆರೆತ ನೀರನ್ನು ನಳಿಕೆಯಲ್ಲಿ ಒಳಗೆ ಬಿಟ್ಟರೆ, ಉಪ್ಪು ಹಚ್ಚಿಟ್ಟ ಬದನೆಕಾಯಿ ಹೋಳು ನೀರು ಬಿಡುವ ಹಾಗೆ, ರಕ್ತದಲ್ಲಿ ಮಿಕ್ಕ ನೀರೂ ಕೊಳೆಯೂ ಆ ಪೊರೆ ದಾಟಿ ಈಚೆಗೆ ಜಿನುಗುತ್ತವೆ. ಆಮೇಲೆ ಅದನ್ನು ಹೊರಗಿಳಿಸಿ ಹೊಸದನ್ನು ತುಂಬಬೇಕು. ಆಗ ಬಾಗಿಲು ಹಾಕಿರಬೇಕು, ಬಾಯಿಗೆ ಬಟ್ಟೆ ಕಟ್ಟಿರಬೇಕು. ಆದರೆ ನಿನ್ನೆ, ಬೆಟ್ಟದೂರಿನಿಂದ ಬಂದ ಮೊಕ್ರಾನನ ಸೋದರತ್ತೆ ನೇರ ಒಳನುಗ್ಗಿ, ಅವನ ತಲೆಗೆ ಮುತ್ತಿಟ್ಟು, ಎರಡೂ ಕೈ ಹಿಡಿದು ಹರಸಿದ್ದಳು. ಮದುವೆ ಮನೆಯಲ್ಲಿ ಹಿರಿಯಳ ಮುಖಕ್ಕೆ ಬಾಗಿಲು ಹಾಕುವ ಎದೆ ಯಾರಿಗಿದೆ? ಬೆಳಗಿನಿಂದ ಅವನು ಹೊಟ್ಟೆ ಹಿಡಿದುಕೊಂಡೇ ಕೂತಿದ್ದ. ಕುಸ್ಕುಸ್ ತಟ್ಟೆ ಮುಟ್ಟಿರಲಿಲ್ಲ.

ವರ್ದಿಯಾ ಚೀಲ ಎತ್ತಿದಳು. ಅಡಿಯಲ್ಲಿದ್ದ ಕರೆಯೋಲೆ ಮಗುಚಿ ಬಿದ್ದಿತ್ತು. ಮೇಲ್ಮುಖವಾಗಿದ್ದದ್ದು ಒಂದಕ್ಷರವೂ ಇಲ್ಲದ ಬಿಳಿ ಹಿಂಬದಿ.

ಅವಳು ಕಿಟಕಿಯ ಪರದೆ ಸರ್ರನೆ ಎಳೆದು ಚೀಲವನ್ನು ಬೆಳಕಿಗೆ ಹಿಡಿದಳು. ನೀರು ಮಜ್ಜಿಗೆಯಂತೆ ಕದಡಿತ್ತು.

“ರೀ, ಬರೀ ಬಿಳಿ ಹಾಳೆ ಓದಿದ್ರಾ?”

ಕರೆಯೋಲೆಯ ಒಕ್ಕಣೆ ಬರೆದವನೇ ಅವನು, ಬಾಯಿಪಾಠ ಇರದೆ ಇನ್ನೇನು.

“ನನ್ನ ಕಣ್ಣಿಗೇ ಮಣ್ಣೆರಚ್ತೀರಲ್ರೀ.”

“ಸಂಜೆವರೆಗೆ ಸುಮ್ನಿರು ಮಾರಾಯ್ತಿ. ಗಂಡಿನ ಕಡೆಯವರು ಬರ್ಲಿ, ಮಗಳನ್ನ ಕಳಿಸ್ಬಿಡ್ತೀನಿ. ಆಮೇಲೆ ನೀನು ಎಲ್ಲಿಗೆ ಎಳ್ಕೊಂಡ್ಹೋದ್ರೂ ಬರ್ತೀನಿ.”

“ಸಂಜೆಗೆ ಆ ಪೊರೆ ಉಳಿದಿರುತ್ತಾ? ನೀವು ಉಳಿದಿರ್ತೀರಾ? ನಿಮ್ಮ ತಮ್ಮ ಇದಾನಲ್ಲ, ಅವನು ತೋಳೆತ್ತಿದ್ರೆ ಆಗಲ್ವಾ?”

“ಚಿಕ್ಕಪ್ಪನ ತೋಳಿನ ಕೆಳಗೆ ಹೋಗೋದು ಅಪ್ಪ ಸತ್ತ ಹುಡುಗೀರು ಕಣೇ. ನಾನಿನ್ನೂ ಬದುಕಿದೀನಿ.”

ಹೊಸ್ತಿಲಲ್ಲಿ ಅಪ್ಪ ಬಿಳಿ ಬರ್ನೂಸ್ ಹೊದ್ದು ತೋಳೆತ್ತಿ ನಿಲ್ಲಬೇಕು, ಇಳಿಬಿದ್ದ ಆ ಉಣ್ಣೆಯ ನಿಲುವಂಗಿಯ ಕೆಳಗೆ ತಲೆ ಬಗ್ಗಿಸಿ ಮಗಳು ಮನೆ ದಾಟಬೇಕು. ಅದಾಗದೆ ಹೋದ ಮದುಮಗಳು ಅತ್ತೆಮನೆಯಲ್ಲಿ ಜೀವಮಾನವಿಡೀ ಮಾತು ಕೇಳಬೇಕಾಗುತ್ತದೆ. ವರ್ದಿಯಾಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳಿಗೆ ಅಳುವಷ್ಟು ಸಿಟ್ಟು ಬಂದಿತ್ತು, ಗಂಡನ ಮೇಲೋ ಆ ಸೋದರತ್ತೆಯ ಮೇಲೋ ಅವಳಿಗೇ ತಿಳಿಯದು. ನಳಿಕೆಯ ಬಾಯಿಗೆ ಮುಚ್ಚಳ ತಿರುಗಿಸಿ ಭದ್ರ ಮಾಡಿದಳು. ಬಾಗಿಲು ತೆಗೆದು ಅಂಗಳಕ್ಕೆ ಕೇಳುವಂತೆ ಕೂಗಿದಳು: “ತಸ್ಸಾದಿತ್, ಇದ್ದ ಹಾಗೇ ಬಾ.”

ಮಗಳು ಬಂದಳು. ಕೂದಲ ತುಂಬ ಸುರುಳಿ ಕಡ್ಡಿಗಳು, ಒಂದೇ ಕಣ್ಣಿಗೆ ಕಾಡಿಗೆ, ಮೈಮೇಲೆ ಮಾಸಿದ ಮನೆಯಂಗಿ. ಚೀಲದ ಕಡೆ ನೋಡಿದ್ದೇ ಅವಳಿಗೆ ಅರ್ಥವಾಯಿತು. “ಅಪ್ಪಾ, ನಡೀರಿ ಆಸ್ಪತ್ರೆಗೆ. ಮದುವೆ ಹಾಳಾಗ್ಹೋಗ್ಲಿ.”

“ನಿನ್ನ ಕಳಿಸ್ದೆ ನಾನು ಈ ಮನೆ ಬಿಟ್ಟು ಕದಲೋದಿಲ್ಲ.”

“ಹಾಗಾದ್ರೆ ಈಗ್ಲೇ ಕಳಿಸಿ,” ಎಂದಳು ವರ್ದಿಯಾ, ಗೂಟದಲ್ಲಿದ್ದ ಬರ್ನೂಸ್ ತೆಗೆದು ಅವನ ಹೆಗಲಿಗೆ ಹಾಕುತ್ತಾ. “ಹೊತ್ತು, ಉಡುಗೆ, ಸಿಂಗಾರ ಅಂತ ಕೂತ್ರೆ ನಾನು ಒಪ್ಪಲ್ಲ.”

ಅಂಗಳದಲ್ಲಿ ಹಾಡುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿ ಎದ್ದುನಿಂತರು. ಮೊಕ್ರಾನ್ ಗೋಡೆ ಹಿಡಿದು ಬೀದಿ ಬಾಗಿಲ ಹೊಸ್ತಿಲವರೆಗೆ ಬಂದ. ತೋಳೆತ್ತುವಾಗ ನೋವಿಗೆ ಅವನ ಹಲ್ಲು ಕಟಕಟ ಅಂದಿತು. ಬಾಗಿಲ ಚೌಕಟ್ಟಿಗೆ ಅಂಗೈ ಆನಿಸಿ ಹಾಗೇ ನಿಂತ. ತಸ್ಸಾದಿತ್ ಅವನ ತೋಳಿನ ಕೆಳಗಿನಿಂದ, ಹವಾಯಿ ಚಪ್ಪಲಿಯ ಕಾಲಲ್ಲಿ, ಬೀದಿಗೆ ಇಳಿದಳು. ಅಪ್ಪನ ಮೈಯ ಬಿಸಿ ಬರ್ನೂಸಿನಾಚೆಗೂ ತಟ್ಟಿ ಅವಳು ತುಟಿ ಕಚ್ಚಿಕೊಂಡದ್ದನ್ನು ವರ್ದಿಯಾ ನೋಡಿದಳು. ಯಾರೋ ಒಬ್ಬಳು ನಾಲಗೆ ಹೊರಳಿಸಿ ಶುಭದ ಕೂಗು ಹಾಕಲು ಹೋಗಿ, ಅರ್ಧಕ್ಕೇ ನಿಲ್ಲಿಸಿದಳು.

ಪಕ್ಕದ ಮನೆಯವರ ವ್ಯಾನಿನಲ್ಲಿ ಮೊಕ್ರಾನನನ್ನು ಮಲಗಿಸಿದರು. ವರ್ದಿಯಾ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹತ್ತಿದಳು.

“ಬಿಸಿಲು, ಮಗಳೇ, ಒಳಗೆ ಹೋಗು.”

“ಹೇಗೆ ಹೋಗ್ಲಿ ಅಮ್ಮಾ?” ಎಂದಳು ತಸ್ಸಾದಿತ್. “ಅಪ್ಪ ಕಳಿಸಿ ಆಯ್ತಲ್ಲ.”

ವ್ಯಾನು ತಿರುವಿಗೆ ಬಂದಾಗ ವರ್ದಿಯಾ ಹಿಂದಿನ ಗಾಜಿನಿಂದ ನೋಡಿದಳು. ಮದುಮಗಳು ತನ್ನದೇ ಮನೆಯ ಗೋಡೆಗೆ ಬೆನ್ನು ಹಾಕಿ, ಬೀದಿಯ ಕಲ್ಲಿನ ಮೇಲೆ, ಇನ್ನೂ ಹೊರಟೇ ಇರದ ದಿಬ್ಬಣವನ್ನು ಕಾಯುತ್ತಾ ಕೂತಿದ್ದಳು.